ಎಳೆಯರ ಶಿಕ್ಷಣದಲ್ಲಿ ವರ್ಣಭೇದದ ವಿಚಾರ

ಆಫ್ರಿಕಾ ಮೂಲದ ಕಪ್ಪು ಜನರ ಚರಿತ್ರೆಯನ್ನು ನಮ್ಮ ಎಳೆಯ ಮಕ್ಕಳಿಗೆ ಕಲಿಸಬೇಕೆಂದು ಯಾರಾದರೂ ಸೂಚಿಸಿದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಶಿಕ್ಷಕ ಬಂಧುಗಳಲ್ಲಿ ಅನೇಕರು ಮುಗುಳ್ನಗುವುದು ಸಹಜ. ಮಗ್ಗಿ ತಪ್ಪುವ, ಒತ್ತಕ್ಷರಕ್ಕೆ ತಡವರಿಸುವ ಮೂರನೆಯ ಇಯತ್ತೆಯ ಮಗುವಿಗೆ ಅಮೇರಿಕೆಯ ಗುಲಾಮಗಿರಿಯ ಕಥೆಯೇಕೆ? ಮಲಪ್ರಭೆಯ ದಂಡೆಯ ಕೂಸಿಗೆ ಮಿಸಿಸಿಪ್ಪಿಯ ದಂಡೆಯ ದುಃಖವೇಕೆ? ಪ್ರಶ್ನೆ ನ್ಯಾಯವಾದುದೇ. ನನ್ನ ಅಭಿಮತವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪಾಠವನ್ನು ಕಲಿಸಬೇಕು. ಆದರೆ ಅದನ್ನು ಅಮೇರಿಕೆಯಿಂದ ಆರಂಭಿಸಲಾಗದು, ಕಿತ್ತೂರಿನಿಂದ ಆರಂಭಿಸಬೇಕು. ಮತ್ತು ಈಚೆಗೆ ಶಾಲೆಗಳಲ್ಲಿ ಬಹುವಾಗಿ ಪ್ರಚಾರಕ್ಕೆ ಬಂದಿರುವ ಮನದೆಚ್ಚರದ ಅಭ್ಯಾಸವನ್ನು, ಅಂದರೆ ಮೈಂಡ್‌ಫುಲ್‌ನೆಸ್ ಎಂದು ಇಂಗ್ಲಿಷಿನಲ್ಲಿ ಕರೆಯುವುದನ್ನು, ಈ ಪಾಠದೊಡನೆ ಬೆಸೆಯಬೇಕು. ಬೇರೆ ಬೇರೆಯಾಗಿ ನಿಂತರೆ ಒಂದು ಬರಿಯ ಮಾಹಿತಿಯಾದೀತು, ಇನ್ನೊಂದು ಬರಿಯ ಮೌನವಾದೀತು.

ಶಬ್ದದ ವಿಷಯದಲ್ಲಿ ಒಂದು ಮಾತು. ನಮ್ಮ ಹಿರಿಯ ತಲೆಮಾರಿನವರು ಓದಿದ ಪುಸ್ತಕಗಳಲ್ಲಿ ‘ನೀಗ್ರೋ’ ಎಂಬ ಪದ ನಿಸ್ಸಂಕೋಚವಾಗಿ ಬರುತ್ತಿತ್ತು. ಆ ಜನರೇ ಅದನ್ನು ಇಂದು ಒಲ್ಲೆನ್ನುತ್ತಾರೆ. ಒಬ್ಬರನ್ನು ಅವರು ಒಪ್ಪುವ ಹೆಸರಿನಿಂದ ಕರೆಯುವುದು ಸೌಜನ್ಯದ ಮೊದಲ ಮೆಟ್ಟಿಲು; ಮಕ್ಕಳಿಗೆ ಕಲಿಸುವ ಮೊದಲು ಶಿಕ್ಷಕರು ತಮ್ಮ ನಾಲಗೆಯನ್ನು ಇಷ್ಟರಮಟ್ಟಿಗೆ ತಿದ್ದಿಕೊಳ್ಳುವುದು ಕಷ್ಟವೇನಲ್ಲ.

ಇನ್ನು ವಿಷಯಕ್ಕೆ ಬರೋಣ. ಆಫ್ರಿಕಾದ ಸಂತಾನ ನಮಗೆ ಪರದೇಶದ್ದಲ್ಲ. ಕಿತ್ತೂರಿನಿಂದ ಬೀಡಿ, ನಂದಗಡಗಳ ದಾರಿ ಹಿಡಿದು ಪಶ್ಚಿಮಕ್ಕೆ ಹೊರಟವನಿಗೆ ಎರೆಯ ಹೊಲಗಳು ಮುಗಿದು ಕೆಂಪು ನೆಲವೂ ಕಾಡೂ ಆರಂಭವಾಗುತ್ತವೆ. ಆ ಖಾನಾಪುರದ ಕಾಡಿನಲ್ಲಿಯೂ, ಅದಕ್ಕೆ ಹೊಂದಿದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಸೀಮೆಯಲ್ಲಿಯೂ ಸಿದ್ದಿ ಜನರು ತಲೆಮಾರುಗಳಿಂದ ನೆಲೆಸಿದ್ದಾರೆ. ಇವರ ಪೂರ್ವಜರು ಪೂರ್ವ ಆಫ್ರಿಕಾದಿಂದ ಬಂದವರು. ಬಂದವರು ಎನ್ನುವುದಕ್ಕಿಂತ ತರಲ್ಪಟ್ಟವರು ಎನ್ನುವುದೇ ಸರಿ. ಪೋರ್ತುಗೀಜರ ಹಡಗುಗಳಲ್ಲಿ ಗೋವೆಗೆ ಬಂದಿಳಿದು, ಅಲ್ಲಿಯ ಸಿರಿವಂತರ ಮನೆಗಳಲ್ಲಿ ಗುಲಾಮರಾಗಿ ದುಡಿದು, ಅನೇಕರು ಘಟ್ಟವನ್ನೇರಿ ತಪ್ಪಿಸಿಕೊಂಡು ನಮ್ಮ ಕಾಡುಗಳಲ್ಲಿ ಬದುಕು ಕಟ್ಟಿದರು. ಇಂಗ್ಲಿಷರ ಆಳ್ವಿಕೆಯ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು 1843ರಲ್ಲಿ. ಎಂದರೆ ಕಿತ್ತೂರಿನ ಯುದ್ಧ ನಡೆದ 1824ರಲ್ಲಿ ಮನುಷ್ಯರನ್ನು ಕೊಳ್ಳುವುದೂ ಮಾರುವುದೂ ನಮ್ಮ ನೆರೆಯಲ್ಲಿಯೇ ಇನ್ನೂ ಕಾನೂನುಬಾಹಿರವಾಗಿರಲಿಲ್ಲ. ರಾಣಿ ಚೆನ್ನಮ್ಮನ ಕಥೆಯನ್ನು ವರ್ಷವರ್ಷವೂ ಹೇಳುವ ನಾವು ಈ ಒಂದು ಸಂಗತಿಯನ್ನು ಮಕ್ಕಳಿಗೆ ಎಂದೂ ಹೇಳುವುದಿಲ್ಲ.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ. ಅವರ ಹೆಣ್ಣುಮಕ್ಕಳು ಹಳೆಯ ಅರಿವೆಯ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿಗಳು ಈಗ ದೇಶವಿದೇಶಗಳ ಪ್ರದರ್ಶನಗಳಲ್ಲಿ ಮನ್ನಣೆ ಪಡೆದಿವೆ. ರಾಮದುರ್ಗದ ಯಾವ ಅಜ್ಜಿಯನ್ನು ಕೇಳಿದರೂ ಕೌದಿಯೆಂದರೇನೆಂದು ಬಲ್ಲಳು. ಒಂದೇ ಸೂಜಿ, ಒಂದೇ ದಾರ, ಒಂದೇ ಬಡತನದ ಜಾಣತನ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ನಮ್ಮ ಬೆಳಗಾವಿ ಜಿಲ್ಲೆಯ ಮತ್ತು ಧಾರವಾಡ ಜಿಲ್ಲೆಯ ಸಿದ್ದಿಗಳು ಅದೇ ಮಾನ್ಯತೆಗಾಗಿ 2020ರವರೆಗೆ ಕಾಯಬೇಕಾಯಿತು. ತಾಲೂಕಿನ ಗಡಿಗೆರೆಯ ಒಂದು ಬದಿಯ ತಮ್ಮನಿಗೆ ಇದ್ದ ಸೌಲಭ್ಯ ಇನ್ನೊಂದು ಬದಿಯ ಅಣ್ಣನಿಗೆ ಹದಿನೇಳು ವರ್ಷ ಇರಲಿಲ್ಲ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದಿಂದ ಶಾಸನ ಸಭೆಯನ್ನು ಪ್ರವೇಶಿಸಿದ ಮೊದಲಿಗರಾದರು.

ನಮ್ಮ ಭಾಗದ ಜನರ ಬಾಯಲ್ಲಿ ಉಳಿದುಬಂದಿರುವ ರಾಯಣ್ಣನ ಕಥೆಯಲ್ಲಿ ಗಜವೀರನೆಂಬ ಒಬ್ಬ ಒಡನಾಡಿ ಬರುತ್ತಾನೆ. ಅವನು ಸಿದ್ದಿ. ಸಂಗೊಳ್ಳಿಯ ರಾಯಣ್ಣ ಖಾನಾಪುರದ ಕಾಡುಗಳನ್ನು ಆಶ್ರಯಿಸಿ ಇಂಗ್ಲಿಷರ ಸೈನ್ಯವನ್ನು ಕಾಡಿದಾಗ ಆ ಕಾಡಿನ ಇಂಚಿಂಚನ್ನೂ ಬಲ್ಲವರ ನೆರವು ಅವನಿಗೆ ದೊರೆಯಿತೆಂಬುದರಲ್ಲಿ ಆಶ್ಚರ್ಯವಿಲ್ಲ. ಗಜವೀರನ ವಿಷಯದಲ್ಲಿ ಜನಪದರ ನೆನಪೇ ನಮಗೆ ಮುಖ್ಯ ಆಧಾರ. ಮಕ್ಕಳಿಗೆ ಹೇಳುವಾಗಲೂ ‘ಜನ ಹೀಗೆ ಹೇಳುತ್ತಾರೆ’ ಎಂದೇ ಹೇಳೋಣ. ಆದರೆ ಹೇಳುವ ರೀತಿಯಲ್ಲಿ ನಮ್ಮಿಂದ ಒಂದು ಅನ್ಯಾಯ ನಡೆಯುತ್ತಿದೆ. ಸ್ನೇಹ ಸಮ್ಮೇಳನದ ನಾಟಕಗಳನ್ನು ನೆನಪಿಸಿಕೊಳ್ಳಿರಿ. ತರಗತಿಯಲ್ಲಿ ಎಲ್ಲರಿಗಿಂತ ಬಿಳಿಯಳಾದ ಹುಡುಗಿ ಚೆನ್ನಮ್ಮನಾಗುತ್ತಾಳೆ. ಥ್ಯಾಕರೆಯ ಪಾತ್ರಧಾರಿಗೆ ಪಾವುಡರು ಮೆತ್ತುತ್ತೇವೆ. ಅದು ವೇಷ, ಇರಲಿ. ಗಜವೀರನ ಪಾತ್ರ ಬಂದರೆ, ಅಥವಾ ರಾಕ್ಷಸನ, ಕಳ್ಳನ ಪಾತ್ರ ಬಂದರೆ, ತರಗತಿಯ ಅತಿ ಕಪ್ಪಾದ ಹುಡುಗನ ಕಡೆಗೆ ಬೆರಳು ಹೋಗುತ್ತದೆ. ಅವನ ಬಣ್ಣ ಸಾಲದೆಂದು ಮೇಲೆ ಮಸಿಯನ್ನೂ ಬಳಿಯಲಾಗುತ್ತದೆ. ಪ್ರೇಕ್ಷಕರು ನಗುತ್ತಾರೆ. ಬ್ರಿಟಿಷರೊಡನೆ ಹೋರಾಡಿದನೆಂದು ನಾವೇ ಹೇಳುವ ವೀರ ವೇದಿಕೆಯ ಮೇಲೆ ಬರುತ್ತಲೇ ನಗು ಏಕೆ ಬರಬೇಕು? ಈ ನಗುವನ್ನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕೇಳಿದ್ದೇನೆ. ಚೆನ್ನಮ್ಮ ಬಿಳಿಯಳಾಗಿದ್ದಳೆಂದು ಯಾವ ದಫ್ತರವೂ ಹೇಳುವುದಿಲ್ಲ. ಬಿಸಿಲಿನಲ್ಲಿ ಕುದುರೆಯೇರಿದವಳ ಮೈಬಣ್ಣ ಹೇಗಿದ್ದೀತೆಂದು ಊಹಿಸುವುದಕ್ಕೆ ಪಾಂಡಿತ್ಯವೂ ಬೇಡ.

ವಿಜಾಪುರದ ಚರಿತ್ರೆಯಲ್ಲಿ ಇದಕ್ಕೆ ವಿರುದ್ಧವಾದ ಚಿತ್ರವಿದೆ. ಆದಿಲಶಾಹಿ ಆಸ್ಥಾನದಲ್ಲಿ ಹಬಶಿಗಳೆಂದು ಕರೆಯಲ್ಪಟ್ಟ ಆಫ್ರಿಕಾ ಮೂಲದವರು ಸೇನಾಪತಿಗಳೂ ಮಂತ್ರಿಗಳೂ ಆಗಿದ್ದರು. ಮಹಮ್ಮದ ಆದಿಲಶಹನ ಕಾಲದ ಇಖ್ಲಾಸಖಾನ ರಾಜ್ಯದ ಅತ್ಯಂತ ಪ್ರಭಾವಶಾಲಿಗಳಲ್ಲೊಬ್ಬ. ಅವನು ತನ್ನ ಒಡೆಯನೊಡನೆ ಕುಳಿತಿರುವ ವರ್ಣಚಿತ್ರಗಳು ಇಂದಿಗೂ ಇವೆ. 1660ರಲ್ಲಿ ಶಿವಾಜಿ ಮಹಾರಾಜರನ್ನು ಪನ್ಹಾಳದಲ್ಲಿ ಮುತ್ತಿದ ಸಿದ್ದಿ ಜೋಹರನೂ ಇದೇ ಮೂಲದವನು. ಎಲ್ಲರಿಗಿಂತ ಮಿಗಿಲಾದವನು ಮಲಿಕ ಅಂಬರ. ಇಥಿಯೋಪಿಯಾದಲ್ಲಿ 1548ರ ಸುಮಾರಿಗೆ ಹುಟ್ಟಿದ ಈ ಬಾಲಕನ ಹೆಸರು ಚಾಪು. ಬಡತನದಲ್ಲಿ ಮಾರಲ್ಪಟ್ಟು, ಕೈಯಿಂದ ಕೈಗೆ ದಾಟಿ, ಅರಬ ದೇಶಗಳ ಮಾರ್ಗವಾಗಿ ದಖ್ಖನಿಗೆ ಬಂದ. ಅವನನ್ನು ಕೊಂಡವನು ಅಹ್ಮದನಗರದ ಮಂತ್ರಿ. ಅವನೂ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬಶಿಯೇ. ಕೆಲಕಾಲ ವಿಜಾಪುರದಲ್ಲಿಯೂ ಸೇವೆ ಮಾಡಿದ ಅಂಬರ ಕೊನೆಗೆ ನಿಜಾಮಶಾಹಿಯ ಪೇಶ್ವೆಯಾಗಿ, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರಿಗೆ ದಖ್ಖನನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಹೊಲಗಳನ್ನು ಅಳೆಯಿಸಿ ಕಂದಾಯದ ಪದ್ಧತಿಯನ್ನು ಸುಧಾರಿಸಿದ. ಖಡಕಿ ಎಂಬ ಊರನ್ನು ಕಟ್ಟಿ ನೀರಿನ ಕಾಲುವೆಗಳನ್ನು ತಂದ. ಆ ಊರೇ ಮುಂದೆ ಔರಂಗಾಬಾದಾಯಿತು. ಇಂಥ ಕಥೆಯನ್ನು ಕೇಳಿದ ಮಗು ಖಾನಾಪುರದ ಸಂತೆಯಲ್ಲಿ ಗುಂಗುರು ಕೂದಲಿನ ಒಬ್ಬ ಹುಡುಗನನ್ನು ಕಂಡರೆ ಬೆರಳು ಮಾಡಿ ನಗಲಾರದು ಎಂಬುದು ನನ್ನ ನಂಬಿಕೆ. ಕನಿಷ್ಠ ಪಕ್ಷ, ನಗುವ ಮೊದಲು ಒಂದು ಕ್ಷಣ ತಡೆದೀತು.

ಎಳೆಯ ಮಕ್ಕಳಿಗೆ ಬಣ್ಣದ ಭೇದವೇ ತಿಳಿಯದು, ನಾವಾಗಿ ಅದನ್ನು ಅವರ ತಲೆಗೆ ಹಾಕಬಾರದು ಎಂದು ಹೇಳುವವರುಂಟು. ಸದುದ್ದೇಶದ ಮಾತು, ಆದರೆ ಸತ್ಯವಲ್ಲ. ಕೆನೆತ್ ಕ್ಲಾರ್ಕ್ ಮತ್ತು ಮ್ಯಾಮಿ ಕ್ಲಾರ್ಕ್ ಎಂಬ ಕಪ್ಪು ದಂಪತಿಗಳು ಅಮೇರಿಕೆಯಲ್ಲಿ 1940ರ ಸುಮಾರಿಗೆ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬೊಂಬೆಗಳನ್ನಿಟ್ಟರು. ಬಣ್ಣವೊಂದನ್ನು ಬಿಟ್ಟರೆ ಬೊಂಬೆಗಳು ಒಂದೇ ತೆರನಾದುವು. ಯಾವುದು ಚೆಂದ, ಯಾವುದು ಕೆಟ್ಟದ್ದು ಎಂದು ಕೇಳಿದಾಗ ಆ ಮಕ್ಕಳಲ್ಲಿ ಹೆಚ್ಚಿನವರು ಬಿಳಿಯ ಬೊಂಬೆಯನ್ನು ಚೆಂದವೆಂದರು, ಕಂದು ಬೊಂಬೆಯನ್ನು ಕೆಟ್ಟದ್ದೆಂದರು. ಬಳಿಕ ‘ನಿನ್ನ ಹಾಗಿರುವುದು ಯಾವುದು?’ ಎಂದು ಕೇಳಿದಾಗ ಕೆಲವು ಮಕ್ಕಳು ಅಳುತ್ತ ಎದ್ದುಹೋದುವೆಂದು ಅವರು ಬರೆದಿದ್ದಾರೆ. ಶಾಲೆಗಳಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಪ್ರತ್ಯೇಕಿಸುವುದು ಸಂವಿಧಾನಬಾಹಿರವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 1954ರ ಮೇ 17ರಂದು ತೀರ್ಪು ನೀಡಿದಾಗ ಈ ಪರೀಕ್ಷೆಯನ್ನೂ ಗಮನಕ್ಕೆ ತೆಗೆದುಕೊಂಡಿತು. ನಮ್ಮ ಬಾಲವಾಡಿಯ ಮಕ್ಕಳ ಮುಂದೆ ಬೊಂಬೆಗಳನ್ನಿಟ್ಟರೆ ಏನಾದೀತೆಂದು ಹೇಳಲು ನಾನು ಮನೋವಿಜ್ಞಾನಿಯಲ್ಲ. ಆದರೆ ಮನೆಯಲ್ಲಿ ಹಸುಗೂಸು ಹುಟ್ಟಿದೊಡನೆ ನಮ್ಮವರು ಕೇಳುವ ಎರಡನೆಯ ಪ್ರಶ್ನೆ ಯಾವುದೆಂಬುದು ಎಲ್ಲರಿಗೂ ಗೊತ್ತು. ವಧೂವರರ ಜಾಹೀರಾತುಗಳನ್ನು ಓದುವವರಿಗೂ ಗೊತ್ತು. ಚರ್ಮವನ್ನು ಬಿಳುಪುಗೊಳಿಸುವುದಾಗಿ ಹೇಳುತ್ತ 1975ರಿಂದ ನಮ್ಮ ದೇಶದ ಅಂಗಡಿಗಳಲ್ಲಿ ಮಾರಾಟವಾದ ಹೆಸರಾಂತ ಮುಲಾಮೊಂದು ತನ್ನ ಹೆಸರಿನಿಂದ ‘ಬಿಳುಪು’ ಎಂಬ ಅರ್ಥದ ಮಾತನ್ನು ಕೈಬಿಟ್ಟದ್ದು 2020ರಲ್ಲಿ. ನಲವತ್ತೈದು ವರ್ಷಗಳ ಪಾಠವನ್ನು ಒಂದು ಹೆಸರಿನ ಬದಲಾವಣೆ ಅಳಿಸಿಬಿಡುವುದೇ?

ಇದರಲ್ಲಿ ಒಂದು ವಿಚಿತ್ರವಿದೆ. ಸವದತ್ತಿ, ರಾಮದುರ್ಗದ ಒಕ್ಕಲಿಗನಿಗೆ ಕರಿಯ ನೆಲವೇ ಸಿರಿ. ಎರೆಯ ಹೊಲವೆಂದರೆ ಬೀಗರು ಎರಡು ಮಾತಾಡದೆ ಸಂಬಂಧಕ್ಕೆ ಒಪ್ಪುತ್ತಾರೆ. ಬಿಳಿಜೋಳ, ಕಡಲೆ, ಹತ್ತಿ ಎಲ್ಲವೂ ಆ ಕಪ್ಪಿನ ಕೃಪೆ. ಕರ್ನಾಟಕವೆಂಬ ಹೆಸರಿಗೆ ಕರಿಯ ಮಣ್ಣಿನ ನಾಡು ಎಂಬ ಅರ್ಥವನ್ನು ಹೇಳಿದ ಪಂಡಿತರೂ ಇದ್ದಾರೆ. ಪಂಢರಪುರದ ವಿಠ್ಠಲ ಕಪ್ಪು. ನಾವು ಅಂಗೈಯಲ್ಲಿಟ್ಟು ದೃಷ್ಟಿ ನೆಡುವ ಇಷ್ಟಲಿಂಗದ ಮೇಲಿನ ನುಣುಪಾದ ಲೇಪವೂ ಕಪ್ಪೇ. ಆ ಕಪ್ಪಿನೊಳಗಿನ ಹೊಳಪನ್ನೇ ಕಣ್ಣು ಎವೆಯಿಕ್ಕದೆ ನೋಡಬೇಕೆಂದು ಹಿರಿಯರು ಹೇಳಿಕೊಟ್ಟರು. ನೆಲದಲ್ಲಿ, ದೇವರಲ್ಲಿ ಕಪ್ಪನ್ನು ಪೂಜಿಸಿ ಸೊಸೆಯಲ್ಲಿ ಮಾತ್ರ ಅದನ್ನು ದೋಷವೆನ್ನುವ ಬುದ್ಧಿ ನಮಗೆ ಎಲ್ಲಿಂದ ಬಂದಿತೋ! ಎಲ್ಲವನ್ನೂ ಇಂಗ್ಲಿಷರ ತಲೆಗೆ ಕಟ್ಟುವ ಅಭ್ಯಾಸ ನನಗೆ ಒಪ್ಪಿಗೆಯಲ್ಲ.

ಬೆಂಗಳೂರಿನಲ್ಲಿ 2016ರ ಜನವರಿ 31ರ ರಾತ್ರಿ ನಡೆದ ಘಟನೆಯನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಆ ನಗರದಲ್ಲಿರುವವರು ಮರೆತಿರಲಾರರು. ಸುಡಾನ ದೇಶದವನೊಬ್ಬ ಓಡಿಸುತ್ತಿದ್ದ ಕಾರು ಹಾಯ್ದು ಒಬ್ಬ ಮಹಿಳೆ ಮೃತಳಾದಳು. ಕೆಲ ಹೊತ್ತಿನ ಮೇಲೆ ಅದೇ ದಾರಿಯಾಗಿ ಬಂದ ಟಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯನ್ನು, ಆ ಅಪಘಾತಕ್ಕೂ ಅವಳಿಗೂ ಏನೇನೂ ಸಂಬಂಧವಿಲ್ಲದಿದ್ದರೂ, ಗುಂಪು ಹಿಡಿದು ಹೊಡೆಯಿತು, ಅವಮಾನಿಸಿತು, ಅವಳಿದ್ದ ಕಾರನ್ನು ಸುಟ್ಟಿತು. ಎರಡು ದೇಶಗಳ ನಡುವಿನ ನೂರಾರು ಹರದಾರಿಗಳ ಅಂತರ ಆ ಜನರಿಗೆ ಕಾಣಲಿಲ್ಲ, ಚರ್ಮವೊಂದೇ ಕಂಡಿತು. ಆ ಗುಂಪಿನಲ್ಲಿದ್ದವರೂ ಯಾವುದೋ ಶಾಲೆಯಲ್ಲಿ ಓದಿದವರೇ, ಪ್ರಾರ್ಥನೆ ಹೇಳಿದವರೇ, ಭಾರತೀಯರೆಲ್ಲರೂ ಸಹೋದರ ಸಹೋದರಿಯರೆಂದು ಪ್ರತಿಜ್ಞೆ ಮಾಡಿದವರೇ.

ಇಲ್ಲಿ ಒಂದು ಅಪಾಯವನ್ನು ಹೇಳದೆ ಮುಂದುವರಿಯಲಾರೆ. ದೂರದ ಪಾಪವನ್ನು ಖಂಡಿಸುವುದು ಬಹು ಸುಲಭ. ಅಮೇರಿಕೆಯ ಬಿಳಿಯರನ್ನು ಬೈಯುವುದಕ್ಕೆ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಸಿದ್ಧಗೊಳಿಸಿ, ನಮ್ಮ ಕೇರಿಗಳ ಕಥೆಯನ್ನು ಮುಚ್ಚಿಟ್ಟರೆ ಅದು ಶಿಕ್ಷಣವಲ್ಲ, ಆತ್ಮವಂಚನೆ. ಬಿಸಿಯೂಟದ ಅಡಿಗೆಯಾಕೆಯ ಜಾತಿಯನ್ನು ಕೇಳಿ ಮಕ್ಕಳನ್ನು ಊಟಕ್ಕೆ ಬಿಡದ ಪಾಲಕರ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿಯೇ ಮತ್ತೆ ಮತ್ತೆ ಬಂದಿದೆ. ಮಹಾತ್ಮಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ ಎಂಬ ಮರಾಠಿ ಗ್ರಂಥವನ್ನು ಪ್ರಕಟಿಸಿದಾಗ, ಕಪ್ಪು ಗುಲಾಮರನ್ನು ಬಿಡುಗಡೆಗೊಳಿಸಲು ದುಡಿದ ಅಮೇರಿಕೆಯ ಸಜ್ಜನರಿಗೆ ಅದನ್ನು ಅರ್ಪಿಸಿದರು. ಪುಣೆಯಲ್ಲಿ ಕುಳಿತ ಒಬ್ಬ ಮಾಳಿಗೆ ಅಂದೇ ಈ ಎರಡು ದುಃಖಗಳ ನಂಟು ಕಂಡಿತ್ತು. ಡಾಕ್ಟರ್ ಅಂಬೇಡಕರರು 1946ರಲ್ಲಿ ಕಪ್ಪು ಜನರ ಮಹಾ ವಿದ್ವಾಂಸ ಡುಬಾಯ್ಸರಿಗೆ ಪತ್ರ ಬರೆದು ಎರಡೂ ಸಮುದಾಯಗಳ ಸ್ಥಿತಿಯ ಸಾಮ್ಯವನ್ನು ಪ್ರಸ್ತಾಪಿಸಿದರು. ಮಾರ್ಟಿನ್ ಲೂಥರ್ ಕಿಂಗರು 1959ರಲ್ಲಿ ಭಾರತಕ್ಕೆ ಬಂದಾಗ ತಿರುವನಂತಪುರದ ಒಂದು ಶಾಲೆಗೆ ಹೋಗಿದ್ದರಂತೆ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಓದುತ್ತಿದ್ದ ಶಾಲೆ ಅದು. ಮುಖ್ಯೋಪಾಧ್ಯಾಯರು ಅವರನ್ನು ಅಮೇರಿಕೆಯ ಅಸ್ಪೃಶ್ಯ ಬಂಧುವೆಂದು ಮಕ್ಕಳಿಗೆ ಪರಿಚಯಿಸಿದರು. ಕಿಂಗರಿಗೆ ಮೊದಲು ಆಘಾತವಾಯಿತು. ಯೋಚಿಸಿ ನೋಡಿದ ಮೇಲೆ ಆ ಮಾತು ನಿಜವೆಂದು ಒಪ್ಪಿಕೊಂಡರು. ಇದನ್ನು ಅವರೇ 1965ರಲ್ಲಿ ತಮ್ಮ ಚರ್ಚಿನ ಪ್ರವಚನದಲ್ಲಿ ಹೇಳಿಕೊಂಡರು. ಆ ಮುಖ್ಯೋಪಾಧ್ಯಾಯರ ಒಂದು ವಾಕ್ಯ ನಮ್ಮ ಎಷ್ಟೋ ಭಾಷಣಗಳಿಗಿಂತ ದೊಡ್ಡ ಪಾಠವೆಂದು ನನಗನಿಸುತ್ತದೆ.

ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಶರಣರು ಸಮತೆಯನ್ನು ಸಾರಿದರು, ನಮಗೆ ಹೊರಗಿನ ಪಾಠವೇಕೆ ಎಂದು ವಾದಿಸುವವರಿಗೆ ಒಂದೇ ಮಾತು ಹೇಳುತ್ತೇನೆ. ಹರಳಯ್ಯ, ಮಧುವರಸರ ಮಕ್ಕಳ ವಿವಾಹಕ್ಕಾಗಿ ಕಲ್ಯಾಣದಲ್ಲಿ ಪ್ರಾಣ ತೆತ್ತವರು ಅವರು. ಆ ಲೆಕ್ಕದ ಮೇಲೆ ನಾವು ಉತ್ತೀರ್ಣರಾಗುವುದಿಲ್ಲ.

ಎಳೆಯರಿಗೆ ಇದನ್ನು ಹೇಗೆ ಹೇಳಬೇಕು? ಬೇಡಿ, ಚಾವಟಿ, ಹಡಗಿನ ತಳದ ಕತ್ತಲೆ ಇವುಗಳಿಂದ ಆರಂಭಿಸುವುದು ಸಲ್ಲದು. ಹಾಗೆ ಮಾಡಿದರೆ ಕಪ್ಪು ಜನರೆಂದರೆ ಹೊಡೆಸಿಕೊಳ್ಳುವವರು ಎಂಬ ಚಿತ್ರವೇ ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಮೊದಲು ಮನುಷ್ಯರು ಬರಬೇಕು. ಅವರ ಹೆಸರು, ಅವರ ಬಾಲ್ಯ, ಅವರ ಜಾಣತನ. ಫ್ರೆಡರಿಕ್ ಡಗ್ಲಸ್ ಎಂಬ ಗುಲಾಮ ಬಾಲಕನಿಗೆ ಮನೆಯ ಒಡತಿ ಅಕ್ಷರ ಹೇಳಿಕೊಡಲಾರಂಭಿಸಿದಳು. ಗುಲಾಮನಿಗೆ ಓದು ಬಂದರೆ ಕೆಟ್ಟನೆಂದು ಒಡೆಯ ಅದನ್ನು ನಿಲ್ಲಿಸಿದ. ಹುಡುಗ ಬಿಡಲಿಲ್ಲ. ಮನೆಯಿಂದ ರೊಟ್ಟಿಯನ್ನು ಜೊತೆಗೊಯ್ದು, ಬಾಲ್ಟಿಮೋರ್ ನಗರದ ಬೀದಿಯಲ್ಲಿ ಹಸಿದಿದ್ದ ಬಿಳಿಯ ಬಡ ಹುಡುಗರಿಗೆ ಕೊಟ್ಟು, ಬದಲಿಗೆ ಅವರಿಂದ ಅಕ್ಷರ ಕಲಿತ. ಮುಂದೆ 1845ರಲ್ಲಿ ತನ್ನ ಜೀವನವನ್ನು ತಾನೇ ಬರೆದು ಲೋಕಕ್ಕೆ ಕೊಟ್ಟ. ರೊಟ್ಟಿಗೆ ಅಕ್ಷರದ ವಿನಿಮಯ! ನಮ್ಮ ಎರಡನೆಯ ಇಯತ್ತೆಯ ಮಗುವಿಗೆ ಇದು ಅರ್ಥವಾಗದೆ? ಪುಣೆಯಲ್ಲಿ 1848ರಲ್ಲಿ ಹುಡುಗಿಯರ ಶಾಲೆಗೆ ಹೊರಟ ಸಾವಿತ್ರಿಬಾಯಿಯ ಮೇಲೆ ಸೆಗಣಿ ಎರಚಿದ ಕಥೆಯನ್ನು ಮಕ್ಕಳು ಈಗಾಗಲೇ ಕೇಳಿರುತ್ತಾರೆ. ಅದರ ಪಕ್ಕದಲ್ಲಿ, 1960ರ ನವೆಂಬರ 14ರಂದು ನ್ಯೂ ಆರ್ಲಿಯನ್ಸ್ ನಗರದ ಬಿಳಿಯರ ಶಾಲೆಗೆ ಸರಕಾರಿ ಕಾವಲಿನವರ ನಡುವೆ ನಡೆದುಹೋದ ಆರು ವರ್ಷದ ರೂಬಿ ಬ್ರಿಜಸ್‌ಳನ್ನು ಕೂರಿಸಿರಿ. ಆ ಶಾಲೆಯ ಬಿಳಿಯ ಪಾಲಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ವರ್ಷದ ಬಹುಕಾಲ ಅವಳ ತರಗತಿಯಲ್ಲಿ ಇದ್ದವರು ಇಬ್ಬರೇ: ಅವಳು ಮತ್ತು ಅವಳ ಗುರುಮಾತೆ. ಆ ಗುರುಮಾತೆ ಬಿಳಿಯಳೆಂಬುದನ್ನೂ ಮಕ್ಕಳಿಗೆ ಮರೆಯದೆ ಹೇಳಬೇಕು. ಅಂದು ನಮ್ಮಲ್ಲಿ ಮಕ್ಕಳ ದಿನಾಚರಣೆಯ ದಿನ.

ಈಗ ಮನದೆಚ್ಚರದ ವಿಷಯ. ನಮ್ಮ ಶಾಲೆಗಳಲ್ಲಿ ಪ್ರಾರ್ಥನೆಯಾದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿ ಕುಳ್ಳಿರಿಸುವುದು ಹಳೆಯ ರೂಢಿ. ಪಶ್ಚಿಮದವರು ಬೌದ್ಧರ ಧ್ಯಾನದಿಂದ ಇದನ್ನು ಪಡೆದು, 1979ರಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಉಪಶಮನಕ್ಕೆಂದು ಪದ್ಧತಿಯಾಗಿ ರೂಪಿಸಿದರು. ಅಲ್ಲಿಂದ ಅದು ಶಾಲೆಗಳಿಗೆ ಬಂದಿತು. ದಿಲ್ಲಿಯ ಸರಕಾರಿ ಶಾಲೆಗಳಲ್ಲಿ 2018ರಲ್ಲಿ ಇದಕ್ಕಾಗಿ ಒಂದು ಪಾಠಕ್ರಮವನ್ನೇ ಆರಂಭಿಸಲಾಯಿತು. ಒಳ್ಳೆಯದೇ. ಆದರೆ ಬ್ರಿಟನ್ನಿನಲ್ಲಿ ಎಂಬತ್ತಕ್ಕೂ ಹೆಚ್ಚು ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ತರಗತಿಗೆಲ್ಲ ಒಟ್ಟಾಗಿ ಕಲಿಸಿದ ಇಂಥ ಅಭ್ಯಾಸದಿಂದ ಮಕ್ಕಳ ಮನಸ್ಸಿಗೆ, ಮಾಮೂಲು ಪಾಠಗಳಿಗಿಂತ ಹೆಚ್ಚಿನ ಪ್ರಯೋಜನವಾದುದು ಕಂಡುಬರಲಿಲ್ಲವೆಂದು ಹೇಳಿತು. ಇದು ನನಗೆ ಆಶ್ಚರ್ಯವನ್ನುಂಟುಮಾಡಲಿಲ್ಲ. ಗದ್ದಲವನ್ನು ಅಡಗಿಸುವುದಕ್ಕಾಗಿ ಕಣ್ಣು ಮುಚ್ಚಿಸುವುದು ಶಿಸ್ತು. ಅದಕ್ಕೆ ಅರಿವೆಂಬ ದೊಡ್ಡ ಹೆಸರು ಬೇಡ.

ಅರಿವಿನ ಪರೀಕ್ಷೆ ಪ್ರಾರ್ಥನೆಯ ಸಾಲಿನಲ್ಲಿ ಆಗುವುದಿಲ್ಲ, ಕಬಡ್ಡಿಯ ಅಂಕಣದಲ್ಲಿ ಆಗುತ್ತದೆ. ಸೋತ ಹುಡುಗನ ನಾಲಗೆಯ ತುದಿಗೆ ‘ಏ ಕರಿಯಾ’, ‘ಏ ಕಾಗಿ’ ಎಂಬ ಮಾತು ಬಂದು ನಿಂತಿರುತ್ತದಲ್ಲ, ಆ ಒಂದು ಉಸಿರಿನ ಅವಧಿಯಲ್ಲಿ ಅವನು ಆ ಮಾತನ್ನು ತಾನೇ ನೋಡಬಲ್ಲನೇ? ಇದು ಎಲ್ಲಿಂದ ಬಂದಿತು, ಯಾರಿಂದ ಕಲಿತೆ, ಆಡಿದರೆ ಎದುರಿನವನ ಮುಖ ಹೇಗಾದೀತು ಎಂದು ತಡೆಯಬಲ್ಲನೇ? ಈ ತಡೆಯುವಿಕೆಯನ್ನು ಕಲಿಸಬಹುದು. ಕಂಬಳಿಯ ಮೇಲೆ ಕುಳಿತು ಉಸಿರನ್ನು ಗಮನಿಸಲು ಕಲಿತ ಮಗು, ಅದೇ ಗಮನವನ್ನು ಮಾತಿನ ಮೇಲೆ ತಿರುಗಿಸಬೇಕೆಂದು ಗುರುಗಳು ಹೇಳಿಕೊಟ್ಟರೆ ಕಲಿಯುತ್ತದೆ; ಹೇಳಿಕೊಡದಿದ್ದರೆ ತಾನಾಗಿ ಕಲಿಯದು. ಅಂತೆಯೇ, ಕಥೆಯನ್ನು ಕೇಳಿಲ್ಲದ ಮಗುವಿಗೆ ತಡೆದು ನೋಡುವುದಕ್ಕೆ ಒಳಗೆ ಏನೂ ಇರುವುದಿಲ್ಲ. ಗಜವೀರನನ್ನೂ ಅಂಬರನನ್ನೂ ರೂಬಿಯನ್ನೂ ಬಲ್ಲ ಮಗುವಿಗೆ ಆ ಒಂದು ಉಸಿರಿನಲ್ಲಿ ಒಂದು ಮುಖ ನೆನಪಾಗುತ್ತದೆ.

ಮತ್ತೊಂದು ಮಾತನ್ನು ಶಿಕ್ಷಕ ಬಂಧುಗಳಲ್ಲಿ ವಿಶೇಷವಾಗಿ ವಿಜ್ಞಾಪಿಸುತ್ತೇನೆ. ಬಣ್ಣಕ್ಕಾಗಿಯೋ ಜಾತಿಗಾಗಿಯೋ ಹೀಯಾಳಿಸಲ್ಪಟ್ಟ ಮಗು ಅಳುತ್ತ ನಿಮ್ಮ ಬಳಿ ಬಂದಾಗ ‘ಸಮಾಧಾನ ಮಾಡಿಕೊ, ಕಣ್ಣು ಮುಚ್ಚು, ಉಸಿರು ಎಳೆದುಕೊ’ ಎಂದು ಹೇಳಿ ಕಳಿಸಬೇಡಿರಿ. ಅನ್ಯಾಯಕ್ಕೊಳಗಾದವನಿಗೆ ಶಾಂತಿಯನ್ನು ಬೋಧಿಸಿ ಅನ್ಯಾಯ ಮಾಡಿದವನನ್ನು ಆಟಕ್ಕೆ ಬಿಡುವುದು ಧ್ಯಾನಕ್ಕೇ ಅಪಚಾರ. ಮೊದಲು ಕರೆಯಬೇಕಾದದ್ದು ಅಂದವನನ್ನು. ಹೊಡೆಯುವುದಕ್ಕಲ್ಲ, ಕುಳ್ಳಿರಿಸಿ ಕೇಳುವುದಕ್ಕೆ.

ಹೀಯಾಳಿಕೆಗೊಂದು ಒಡಹುಟ್ಟಿದ ತಮ್ಮನಿದ್ದಾನೆ. ಅವನ ಹೆಸರು ಹೊಗಳಿಕೆ. ಸಿದ್ದಿಗಳೆಂದರೆ ಓಡುವುದಕ್ಕೇ ಹುಟ್ಟಿದವರು, ಕುಣಿಯುವುದಕ್ಕೇ ಹುಟ್ಟಿದವರು ಎಂಬ ಮಾತನ್ನು ಮೆಚ್ಚುಗೆಯೆಂದೇ ಜನ ಆಡುತ್ತಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಅವರನ್ನು ಓಟಗಾರರನ್ನಾಗಿ ತರಬೇತುಗೊಳಿಸುವ ಯೋಜನೆಯನ್ನು ಕೈಗೊಂಡಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನೂ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳಲ್ಲಿ ಬಹಳಷ್ಟು ಜನ ಕಾಡಿನ ಹಳ್ಳಿಗಳಿಗೆ, ಕೂಲಿಯ ಕೆಲಸಕ್ಕೆ ಹಿಂತಿರುಗಿದರು. ಕಾಲುಗಳನ್ನು ಕಂಡವರು ತಲೆಯನ್ನು ಕಾಣಲಿಲ್ಲವೇ ಎಂಬ ಅನುಮಾನ ನನಗೆ ಇಂದಿಗೂ ಇದೆ. ನಮ್ಮ ಉತ್ಸವಗಳಲ್ಲಿಯೂ ಇದೇ. ಸಿದ್ದಿಗಳ ಡಮಾಮಿ ನೃತ್ಯದ ತಂಡವನ್ನು ಕರೆಸುತ್ತೇವೆ, ಎಲೆ ಗರಿಗಳ ವೇಷದಲ್ಲಿ ಕುಣಿಸುತ್ತೇವೆ, ಶಾಲು ಹೊದಿಸಿ ರಾತ್ರಿಯೇ ಕಳಿಸುತ್ತೇವೆ. ಅವರು ಮಾತಾಡಿದ್ದನ್ನು ನಮ್ಮ ಮಕ್ಕಳು ಕೇಳಿರುವುದಿಲ್ಲ. ಸಿದ್ದಿ ಸಮುದಾಯದಿಂದ ಬಂದ ಪದವೀಧರರಿದ್ದಾರೆ, ಶಿಕ್ಷಕರಿದ್ದಾರೆ. ನೀನಾಸಮಿನಲ್ಲಿ ಕಲಿತು ರಂಗಭೂಮಿಯಲ್ಲೂ ಚಲನಚಿತ್ರದಲ್ಲೂ ಹೆಸರು ಮಾಡಿದ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿಯವರಿದ್ದಾರೆ. ಒಂದು ವರ್ಷ ಅಂಥವರನ್ನು ಮುಖ್ಯ ಅತಿಥಿಗಳ ಕುರ್ಚಿಗೆ ಕರೆಯಬಾರದೇಕೆ?

ದಾನಿಗಳಲ್ಲಿ ಒಂದು ಅರಿಕೆ. ನಮ್ಮ ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದರು. ಅಂದು ಶಿಕ್ಷಣದಲ್ಲಿ ಹಿಂದುಳಿದಿದ್ದ ಸಮಾಜ ಇಂದು ಆ ತ್ಯಾಗದ ಫಲವನ್ನು ಉಣ್ಣುತ್ತಿದೆ. ಹೀಗೆ ಉಂಡವರ ಪಂಕ್ತಿಯಲ್ಲಿ ಈಗ ಯಾರಿಗೆ ಎಲೆ ಹಾಕಬೇಕು? ರಾಜ್ಯದಲ್ಲಿ 2011ರ ಜನಗಣತಿಗೆ ಸಿಕ್ಕ ಸಿದ್ದಿಗಳ ಸಂಖ್ಯೆ ಸುಮಾರು ಹತ್ತು ಸಾವಿರ. ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. ಪ್ರಸಾದ ನಿಲಯದಲ್ಲಿ ಪ್ರತಿವರ್ಷ ಖಾನಾಪುರ, ಹಳಿಯಾಳಗಳ ನಾಲ್ಕೈದು ಸಿದ್ದಿ ಮಕ್ಕಳಿಗೆ ಸ್ಥಳ ಮಾಡಿದರೆ ಸಂಸ್ಥೆಗೆ ಅದು ಭಾರವಾಗದು. ಒಬ್ಬನೇ ಮಗುವನ್ನು ತಂದು ಇಡಬೇಡಿರಿ. ಒಬ್ಬನಾದರೆ ಅವನು ಎಲ್ಲರ ಕಣ್ಣಿಗೆ ಪ್ರದರ್ಶನದ ವಸ್ತುವಾಗುತ್ತಾನೆ. ನಾಲ್ಕೈದು ಮಕ್ಕಳು ಜೊತೆಗಿದ್ದರೆ ತಮ್ಮೊಳಗೆ ತಮ್ಮ ಭಾಷೆಯಲ್ಲಿ ನಗುತ್ತಾರೆ, ಜಗಳಾಡುತ್ತಾರೆ, ಮಿಕ್ಕವರಂತೆ ಮಕ್ಕಳಾಗಿರುತ್ತಾರೆ. ಅವರು ಬಂದ ಮೇಲೆ ನಮ್ಮ ಮಕ್ಕಳಿಗೆ ಪಾಠದ ಅರ್ಧ ಭಾಗ ಊಟದ ಸಾಲಿನಲ್ಲಿಯೇ ಆಗುತ್ತದೆ. ಆದರೆ ಪಾಠ ಮೊದಲು, ಪ್ರವೇಶ ಆಮೇಲೆ. ಸಿದ್ಧವಿಲ್ಲದ ಅಂಗಳಕ್ಕೆ ಆ ಮಕ್ಕಳನ್ನು ಕರೆತಂದು ‘ಕಾಗಿ’ ಎಂದು ಕರೆಸಿಕೊಳ್ಳಲು ಬಿಡುವುದು ದಾಸೋಹವಲ್ಲ.

ಪಾಠಕ್ಕೆ ಹೊಸ ಪುಸ್ತಕ ಬೇಕಿಲ್ಲ, ಹೊಸ ಗಂಟೆಯೂ ಬೇಕಿಲ್ಲ. ಶನಿವಾರದ ಬೆಳಗಿನ ಶಾಲೆಯಲ್ಲಿ ಒಂದು ಕಥೆಗೆ ಸಮಯ ದೊರೆಯುತ್ತದೆ. ಕೌದಿಯನ್ನು ಮಕ್ಕಳು ಮನೆಯಿಂದ ತರಲಿ, ಅಜ್ಜಿಯನ್ನೂ ಕರೆತರಲಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ನಮ್ಮ ಶಾಲೆಗಳಿಂದ ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ರೂಢಿ ಕೆಲವು ಕಡೆ ಇದೆ. ಸಮಾಧಿಗೆ ಹೂವೇರಿಸಿ ಅಲ್ಲಿಂದಲೇ ತಿರುಗುವ ಬಸ್ಸು ಇನ್ನಷ್ಟು ದೂರ ಕಾಡಿನೊಳಗೆ ಹೋಗಿ, ಸಿದ್ದಿಗಳ ಹಳ್ಳಿಯ ಸರಕಾರಿ ಶಾಲೆಯ ಮುಂದೆ ನಿಲ್ಲಬಹುದು. ಮುಂಚಿತವಾಗಿ ಆ ಶಾಲೆಯ ಗುರುಗಳಿಗೆ ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ಎರಡೂ ಶಾಲೆಗಳ ಮಕ್ಕಳು ಮೂರು ತಿಂಗಳು ಮೊದಲಿನಿಂದ ಒಬ್ಬರಿಗೊಬ್ಬರು ಪತ್ರ ಬರೆದಿರಬೇಕು, ಇಲ್ಲದಿದ್ದರೆ ಅದು ಮೃಗಾಲಯದ ಭೇಟಿಯಂತಾದೀತು. ಬುತ್ತಿಯನ್ನು ನಾವು ಒಯ್ಯೋಣ, ಮಧ್ಯಾಹ್ನ ಅಲ್ಲಿಯ ಮಕ್ಕಳೊಡನೆ ಕಲೆಸಿ ಉಣ್ಣೋಣ. ಮರುತಿಂಗಳು ಅವರು ಕಿತ್ತೂರಿನ ಕೋಟೆಯನ್ನು ನೋಡಲು ಬರಲಿ, ನಮ್ಮ ಮಕ್ಕಳೇ ಅವರಿಗೆ ದಾರಿ ತೋರಿಸಲಿ. ಎರಡು ಬಸ್ಸುಗಳ ಬಾಡಿಗೆ, ಎರಡು ಹೊತ್ತಿನ ಊಟ. ಸ್ನೇಹ ಸಮ್ಮೇಳನದ ಪೆಂಡಾಲಿಗೆ ನಾವು ಪ್ರತಿವರ್ಷ ಕೊಡುವ ಹಣದೊಳಗೆ ಇಷ್ಟೂ ಆಗುತ್ತದೆ.